ಬೆಳಿಗ್ಗೆ ಬಗ್ಗದ ಬೆನ್ನು

ವರ್ಕಾಡಿಯ ವಾಸಪ್ಪನವರು ಉಪ್ಪಳ ಪೇಟೆಯಲ್ಲಿ ಲಾರಿಯಿಂದ ಮೂಟೆ ಇಳಿಸುವವರು. ಮೈಕೈ ನೋವೆಂದು ಒಂದು ದಿನವೂ ಮಲಗಿದವರಲ್ಲ. ಅಂಥವರ ಮಗ ಯೋಗೀಶ, ಇಪ್ಪತ್ತನಾಲ್ಕರ ಪ್ರಾಯದವನು, ಬೆಳಿಗ್ಗೆ ಗೋಡೆ ಹಿಡಿದುಕೊಂಡು ಏಳುತ್ತಿದ್ದ. ಬಗ್ಗಿ ಮುಖ ತೊಳೆಯಲೂ ಆಗುತ್ತಿರಲಿಲ್ಲ. ಬಿಸಿಲೇರಿದ ಹಾಗೆ ಬೆನ್ನು ಸಡಿಲವಾಗಿ, ಸಂಜೆಗೆ ಎಲ್ಲರಂತೆ ಓಡಾಡುತ್ತಿದ್ದ.

ಯೋಗೀಶ ಐಟಿಐ ಮುಗಿಸಿ, ಉಪ್ಪಳದ ಗುತ್ತಿಗೆದಾರ ಈಶ್ವರಪ್ರಸಾದರ ಬಳಿ ಹೊಸ ಮನೆಗಳ ವಯರಿಂಗ್ ಕೆಲಸಕ್ಕೆ ಸೇರಿದ್ದ. ಎಂಟಕ್ಕೆ ಕೆಲಸ ಶುರು. ಇವನು ತಲುಪುವಾಗ ಒಂಬತ್ತೂವರೆಯೋ ಹತ್ತೋ ಆಗಿರುತ್ತಿತ್ತು. ಒಂದು ದಿನ ಅವರು ಹೇಳಿಯೇಬಿಟ್ಟರು: "ನಿನ್ನ ಕೈಕೆಲಸ ಒಳ್ಳೆದುಂಟು. ಆದರೆ ದಿನಾ ನಿನ್ನನ್ನು ಕಾದು ನಿಲ್ಲಿಕ್ಕೆ ನನ್ನಿಂದ ಆಗುದಿಲ್ಲ. ನಾಳೆಯಿಂದ ಬರುದು ಬೇಡ."

ವಾಸಪ್ಪನವರು ಪರಿಚಯದವರ ಬಟ್ಟೆಯಂಗಡಿಯಲ್ಲಿ ಮಗನಿಗೆ ಗಲ್ಲಾದ ಕೆಲಸ ಹುಡುಕಿದರು. "ಫ್ಯಾನಿನ ಅಡಿಯಲ್ಲಿ ಕೂತ್ಕೊ. ಬೆನ್ನಿಗೂ ರೆಸ್ಟ್ ಆಗ್ತದೆ" ಎಂದರು.

ರೆಸ್ಟ್ ಸಿಕ್ಕಿದ್ದೇ ತಪ್ಪಾಯಿತು. ಕೂತು ಕೂತು ಬೆನ್ನು ಮರದ ಹಲಗೆಯಂತಾಯಿತು. ಯೋಗೀಶ ತಾನೇ ಮೆಡಿಕಲಿನಿಂದ ನೋವಿನ ಮಾತ್ರೆ ತಂದು ನುಂಗಿದ, ಹೊಟ್ಟೆ ಉರಿಯತೊಡಗಿತು. ಕೊನೆಗೆ ಅಂಗಡಿಗೆ ಹೋಗುವುದನ್ನೂ ಬಿಟ್ಟು ಚಾಪೆ ಹಿಡಿದ; ಸಂಜೆಯ ವಾಲಿಬಾಲ್ ಮಾತ್ರ ಬಿಡಲಿಲ್ಲ.

ಆಗ ಆಶಾ ಕಾರ್ಯಕರ್ತೆ ರಾಜೀವಿ ಮನೆ ಭೇಟಿಗೆ ಬಂದರು.

"ಯೋಗೀಶ ಎಲ್ಲಿ? ಈಗ ಅಂಗಡಿಯಲ್ಲಿ ಕಾಣುದೇ ಇಲ್ಲ?"

ತಾಯಿ ಅಮ್ಮಣಿ ಒಳಕೋಣೆಯತ್ತ ನೋಡಿದರು. ವಾಸಪ್ಪನವರಿಗೆ ತಡೆಯಲಾಗಲಿಲ್ಲ.

"ನೀನೇ ಹೇಳು ರಾಜೀವಿ. ಬೆಳಿಗ್ಗೆ ಏಳ್ಲಿಕ್ಕೆ ಆಗುದಿಲ್ಲ, ಸಂಜೆ ವಾಲಿಬಾಲ್ ಆಡ್ಲಿಕ್ಕೆ ಆಗ್ತದೆ. ಇದೆಂತ ಕಾಯಿಲೆ? ಉದಾಸೀನಕ್ಕೆ ಮದ್ದುಂಟಾ?"

ರಾಜೀವಿ ನಗಲಿಲ್ಲ. ಒಳಗೆ ಹೋಗಿ ಯೋಗೀಶನ ಹತ್ತಿರ ಕೂತರು.

"ಆಡಿದ ಮೇಲೆ ನೋವು ಹೆಚ್ಚಾಗ್ತದಾ, ಕಮ್ಮಿ ಆಗ್ತದಾ?"

"ಕಮ್ಮಿ ಆಗ್ತದೆ ಅಕ್ಕ. ಮಲಗಿದ್ರೇ ಜಾಸ್ತಿ. ಬೆಳಗಿನ ಜಾವ ನೋವಿಗೇ ಎಚ್ಚರ ಆಗ್ತದೆ. ಹೇಳಿದ್ರೆ ಯಾರು ನಂಬ್ತಾರೆ? ನನಗೇ ಒಮ್ಮೊಮ್ಮೆ ನಾನು ಸೋಮಾರಿಯಾ ಅಂತ ಕಾಣ್ತದೆ."

"ಎಷ್ಟು ಸಮಯ ಆಯ್ತು?"

"ಎರಡು ವರ್ಷ."

ರಾಜೀವಿ ಜಗಲಿಗೆ ಬಂದರು. "ವಾಸಪ್ಪಣ್ಣ, ನಾನು ಡಾಕ್ಟ್ರಲ್ಲ. ಇಂಥದ್ದೇ ಕಾಯಿಲೆ ಅಂತ ಹೇಳ್ಲಿಕ್ಕೆ ನನಗೆ ಆಗುದಿಲ್ಲ. ಆದರೆ ಮೂಟೆ ಹೊತ್ತು ಬಂದ ಬೆನ್ನು ಮಲಗಿದ್ರೆ ಹಗುರ ಆಗ್ತದೆ, ಅಲ್ವಾ? ಇವನದ್ದು ಮಲಗಿದ್ರೆ ಹೆಚ್ಚಾಗ್ತದೆ. ಪ್ರಾಯದವರಿಗೆ ಹಾಗೆ ಆದ್ರೆ ತೋರಿಸ್ಲೇಬೇಕು ಅಂತ ನಮಗೆ ತರಬೇತಿಯಲ್ಲಿ ಹೇಳಿದ್ದಾರೆ. ನೀವೂ ಒಟ್ಟಿಗೆ ಹೋಗಿ."

ವಾಸಪ್ಪನವರು ಗೊಣಗುತ್ತಲೇ ಹೋದರು. ಆರೋಗ್ಯ ಕೇಂದ್ರದ ವೈದ್ಯರು ಯೋಗೀಶನನ್ನು ಮಂಗಳೂರಿನ ತಜ್ಞರ ಬಳಿಗೆ ಕಳುಹಿಸಿದರು. ರಕ್ತಪರೀಕ್ಷೆ, ಸ್ಕ್ಯಾನ್ ಆದವು. ಬೆನ್ನುಮೂಳೆಯ ಗಂಟುಗಳಲ್ಲಿ ಉರಿಯೂತವಿತ್ತು. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂದು ಅದರ ಹೆಸರು.

"ಪೂರ್ತಿ ಗುಣ ಆಗ್ತದಾ ಡಾಕ್ಟ್ರೇ?" ವಾಸಪ್ಪನವರು ಕೇಳಿದರು.

"ಇಲ್ಲ. ಆದರೆ ಹತೋಟಿಯಲ್ಲಿ ಇಡ್ಬಹುದು. ಮದ್ದು ಬಿಡಬಾರದು, ವ್ಯಾಯಾಮ ಬಿಡಬಾರದು. ಹಾಗೇ ಬಿಟ್ಟರೆ ಬೆನ್ನು ಬಾಗಿ ಗಟ್ಟಿಯಾಗಿ ಹೋಗಬಹುದು. ಕೆಲಸ ಮಾಡ್ಲಿ. ಇಡೀ ದಿನ ಕೂತಲ್ಲೇ ಕೂರುವ ಕೆಲಸ ಮಾತ್ರ ಬೇಡ."

ಇಬ್ಬರೂ ಊರಿನ ಬಸ್ಸು ಹತ್ತಿದರು. ಬಸ್ಸು ತಲಪಾಡಿ ದಾಟಿದ ಮೇಲೆ, ವಾಸಪ್ಪನವರು ಕಿಟಕಿಯ ಹೊರಗೆ ನೋಡುತ್ತ, "ನಿನಗೆ ಉದಾಸೀನ ಅಂತ ಊರಿಡೀ ಹೇಳಿದೆ. ಗೊತ್ತಿರ್ಲಿಲ್ಲ ಮಗಾ" ಎಂದರು.

ಮದ್ದು ಶುರುವಾಯಿತು. ಬೆಳಕು ಹರಿಯುವ ಮೊದಲೇ ಯೋಗೀಶ ಎದ್ದು ಬಿಸಿನೀರಿನ ಸ್ನಾನ ಮಾಡಿ, ಆಸ್ಪತ್ರೆಯಲ್ಲಿ ಕಲಿಸಿದ ವ್ಯಾಯಾಮ ಮಾಡುತ್ತಿದ್ದ. ಆದರೂ ಬೆನ್ನಿನ ಬಿಗಿತ ಪೂರ್ತಿ ಬಿಡುವಾಗ ಒಂಬತ್ತು ಗಂಟೆಯಾಗುತ್ತಿತ್ತು. ಬಚ್ಚಲೊಲೆಗೆ ಬೆಂಕಿ ಹಾಕುವ ಕೆಲಸವನ್ನು ವಾಸಪ್ಪನವರೇ ವಹಿಸಿಕೊಂಡರು. ಕೆಲವು ತಿಂಗಳಲ್ಲಿ ನೋವು ಅರ್ಧಕ್ಕೆ ಇಳಿಯಿತು. ಯೋಗೀಶ ನೇರ ಈಶ್ವರಪ್ರಸಾದರ ಬಳಿಗೆ ಹೋಗಿ ಕಾಯಿಲೆಯ ವಿಷಯವನ್ನೆಲ್ಲ ಹೇಳಿದ.

"ಹತ್ತಕ್ಕೆ ಬರ್ತೇನೆ ಸರ್. ಸಂಜೆ ಎಲ್ಲರೂ ಹೋದ ಮೇಲೂ ಇರ್ತೇನೆ. ಗೋಡೆ ಕೊರೆಯುವ ಕೆಲಸ ಬೇಡ, ಮೈನ್ ಬೋರ್ಡಿನ ಕೆಲಸ ಕೊಡಿ. ತೀರಾ ಆಗದ ದಿನ ಮೊದಲೇ ಫೋನ್ ಮಾಡ್ತೇನೆ."

"ಬಾಕಿಯವರೂ ಹತ್ತಕ್ಕೆ ಬರ್ತೇವೆ ಅಂದ್ರೆ?"

"ನನಗೆ ಕಾಯಿಲೆ ಉಂಟು ಅಂತ ಅವರಿಗೂ ನಾನೇ ಹೇಳ್ತೇನೆ. ಅಡಗಿಸಿ ಇಟ್ಟು ಸಾಕಾಯ್ತು."

"ಇದನ್ನು ಮೊದಲೇ ಹೇಳ್ಬಾರದಿತ್ತಾ ಮಾರಾಯ? ಒಂದು ತಿಂಗಳು ನೋಡುವ."

ಆ ತಿಂಗಳಲ್ಲೂ ಯೋಗೀಶನಿಗೆ ಏಳಲಾಗದ ದಿನಗಳು ಬಂದವು. ಫೋನ್ ಮಾಡಿದ. ಕೆಲಸ ಹೋಗಲಿಲ್ಲ. ಮರುವರ್ಷ ವಯರ್‌ಮ್ಯಾನ್ ಪರೀಕ್ಷೆ ಬರೆದು ಪಾಸಾದ. ಈಗ ಒಂದು ಮನೆಯ ಇಡೀ ವಯರಿಂಗನ್ನು ಈಶ್ವರಪ್ರಸಾದರು ಅವನಿಗೇ ಒಪ್ಪಿಸುತ್ತಾರೆ. ನೋವು ಪೂರ್ತಿ ಹೋಗಿಲ್ಲ. ಹೋಗುವುದೂ ಇಲ್ಲವೆಂದು ಅವನಿಗೆ ಗೊತ್ತಿದೆ.

ಮೊನ್ನೆ ಪೇಟೆಯಲ್ಲಿ ಯಾರೋ ವಾಸಪ್ಪನವರನ್ನು ಕೆಣಕಿದರು. "ಎಂತ, ನಿಮ್ಮ ಮಗ ಕೆಲಸಕ್ಕೆ ಹೋಗುದು ಹತ್ತು ಗಂಟೆಗಾ? ದೊಡ್ಡ ಆಫೀಸರಾ?"

ವಾಸಪ್ಪನವರು ಬೆನ್ನ ಮೇಲಿನ ಮೂಟೆ ಇಳಿಸಿದರು. "ನೀನು ಏಳುವ ಮೊದಲೇ ಅವನ ಒಂದು ಶಿಫ್ಟ್ ಮುಗಿದಿರ್ತದೆ ಮಾರಾಯ. ಹತ್ತಕ್ಕೆ ಹೋಗುದು ಎರಡನೇ ಶಿಫ್ಟಿಗೆ."

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಪ್ರಾಯದವರಿಗೆ ಮೂರು ತಿಂಗಳಿಗಿಂತ ಹೆಚ್ಚು ಬೆನ್ನು ನೋವಿದ್ದು, ಬೆಳಿಗ್ಗೆ ಬೆನ್ನು ಬಿಗಿದು, ನಡೆದಾಡಿದರೆ ಸಡಿಲವಾಗುತ್ತಿದೆಯೇ? ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ವೈದ್ಯರನ್ನು ಕೇಳದೆ ನೋವಿನ ಮಾತ್ರೆ ನುಂಗಬೇಡಿ. ಕೆಲಸ ಕೊಡುವವರೇ, ಸಮಯ ಸ್ವಲ್ಪ ಹಿಂದೆಮುಂದೆ ಮಾಡಿಕೊಟ್ಟರೆ ಒಳ್ಳೆಯ ಕೆಲಸಗಾರ ಉಳಿಯುತ್ತಾನೆ. ನೋವು ಕಣ್ಣಿಗೆ ಕಾಣುವುದಿಲ್ಲ. ಹೇಳಿದವರನ್ನು ನಂಬಿ.