ಏಳನೇ ಪುಟದ ಸಂದರ್ಶನ

ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ರಸ್ತೆಯಲ್ಲಿ, ನಮ್ಮ ಹೈಸ್ಕೂಲಿಗಿಂತ ಎರಡು ಸ್ಟಾಪು ಮೊದಲು, ರವೀಂದ್ರ ಅವರ ಹಿಟ್ಟಿನ ಗಿರಣಿ ಇದೆ. ಗಿರಣಿಯ ಹಿಂದೆಯೇ ಮನೆ. ಐದು ವರ್ಷದ ಹಿಂದೆ ಕಟ್ಟಿಸಿದ ತಾರಸಿ ಮನೆ. ನೆಲಕ್ಕೆ ಟೈಲ್ಸ್, ಅಡುಗೆಮನೆಯಲ್ಲಿ ಫ್ರಿಜ್ಜು. ಬೆಳಿಗ್ಗೆ ರವೀಂದ್ರ ಗಿರಣಿಯ ಸ್ವಿಚ್ ಹಾಕುವ ಹೊತ್ತಿಗೆ ಅವರ ಹೆಂಡತಿ ವಾರಿಜಾ ರೊಟ್ಟಿ ಸುಟ್ಟು ಮುಗಿಸಿರುತ್ತಾರೆ. ತಾಯಿ ವೆಂಕಮ್ಮ, ಎಂಬತ್ತರ ಹತ್ತಿರದವರು, ಜಗಲಿಯ ಕುರ್ಚಿಯಲ್ಲಿ ಕೂತು ಹಿಟ್ಟು ಮಾಡಿಸಲು ಬಂದವರ ಕಷ್ಟಸುಖ ವಿಚಾರಿಸುತ್ತಾರೆ. ಈ ಮನೆಯ ಒಬ್ಬಳೇ ಮಗಳು ಭವ್ಯಾ, ಒಂಬತ್ತನೇ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿ.

ಆ ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮಗಳಿಗೆ ಬಸ್ ಪಾಸು ಮಾಡಿಸಿದ್ದರು, ಟ್ಯೂಷನ್ನಿಗೆ ಹಾಕಿದ್ದರು, ಡಾಕ್ಟರ್ ಆಗಲಿ ಎಂದು ಆಸೆಪಟ್ಟಿದ್ದರು. ಆದರೆ ತಿಂಗಳಲ್ಲಿ ಮೂರು ದಿನ ಆ ಹುಡುಗಿ ಗಿರಣಿಯ ಹಿಂದಿನ ಸೌದೆ ಶೆಡ್ಡಿನಲ್ಲಿ, ಒಂದು ಗೋಣಿತಾಟಿನ ಮೇಲೆ, ಬೇರೆ ತಟ್ಟೆ ಬೇರೆ ಲೋಟ ಇಟ್ಟುಕೊಂಡು ಕೂರಬೇಕಿತ್ತು. ಆ ಮೂರು ದಿನ ಪುಸ್ತಕ ಮುಟ್ಟುವಂತಿರಲಿಲ್ಲ. ಪುಸ್ತಕ ಎಂದರೆ ಸರಸ್ವತಿ. ಶಾಲೆಯ ಮಾತಂತೂ ಇಲ್ಲವೇ ಇಲ್ಲ.

ನಾನು ಹರಿಪ್ರಿಯಾ, ಆ ಶಾಲೆಯ ಕನ್ನಡ ಟೀಚರು. ಮೂರು ದಿನ ಬಿಟ್ಟು ಬಂದ ಹುಡುಗಿಯರ ರಜಾ ಅರ್ಜಿಗಳಿಗೆ ಹನ್ನೊಂದು ವರ್ಷದಿಂದ ಸಹಿ ಹಾಕುತ್ತ ಬಂದವಳು ನಾನೇ. ಎಲ್ಲ ಅರ್ಜಿಯಲ್ಲೂ ‘ಜ್ವರ’ ಎಂದಿರುತ್ತಿತ್ತು. ಅದು ಯಾವ ಜ್ವರ ಎಂದು ನನಗೂ ಗೊತ್ತಿತ್ತು. ಯಾಕೆಂದರೆ ನಮ್ಮ ಮನೆಯಲ್ಲೂ ಆ ದಿನಗಳಲ್ಲಿ ನಾನು ಅಡುಗೆಮನೆಗೆ ಕಾಲಿಡುತ್ತಿರಲಿಲ್ಲ. ಅತ್ತೆ ತಟ್ಟೆಯನ್ನು ನೆಲದ ಮೇಲಿಟ್ಟು ನನ್ನ ಕಡೆ ಸರಿಸುತ್ತಿದ್ದರು. ಸಂಬಳಕ್ಕೆ ಹೋಗುವ ಸೊಸೆಯೆಂದು ನನಗೆ ಶಾಲೆಗೆ ಹೋಗುವ ರಿಯಾಯಿತಿ ಇತ್ತು, ಅಷ್ಟೆ.

ಕಳೆದ ನವೆಂಬರಿನಲ್ಲಿ ಮಾಧ್ಯಮ ಪ್ರಾಜೆಕ್ಟ್ ಎಂದು ಪ್ರತಿ ಶಾಲೆಯ ಒಂಬತ್ತನೇ ತರಗತಿಯವರೂ ಸ್ವಂತ ಪತ್ರಿಕೆಯೊಂದನ್ನು ಯೋಜಿಸಿ, ವಿನ್ಯಾಸ ಮಾಡಿ, ಅಚ್ಚು ಹಾಕಿಸಬೇಕೆಂದು ಇಲಾಖೆಯಿಂದ ಸೂಚನೆ ಬಂತು. ಜವಾಬ್ದಾರಿ ನನ್ನ ಪಾಲಿಗೆ ಬಿತ್ತು. ತರಗತಿಯವರು ಒಟ್ಟಾಗಿ ಭವ್ಯಾಳನ್ನು ಸಂಪಾದಕಿ ಮಾಡಿದರು. ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸ ವಿನೋದನದು. ಅವನ ಚಿಕ್ಕಪ್ಪ ಸಾಗರದ ಪ್ರೆಸ್ಸೊಂದರಲ್ಲಿ ಡಿಟಿಪಿ ಮಾಡುತ್ತಿದ್ದರಿಂದ ಅವನಿಗೆ ಅಷ್ಟಿಷ್ಟು ಕೈ ಪಳಗಿತ್ತು.

ಮಕ್ಕಳು ನಾಲ್ಕು ದೊಡ್ಡ ಹಾಳೆ ಮಡಚಿ, ನಡುವೆ ಪಿನ್ ಹೊಡೆದು ಹದಿನಾರು ಪುಟದ ಡಮ್ಮಿ, ಅಂದರೆ ಖಾಲಿ ಮಾದರಿ ಪ್ರತಿ, ಮಾಡಿದರು. ಯಾವ ಪುಟದಲ್ಲಿ ಏನು ಬರಬೇಕೆಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋದರು. ಹೆಸರಿಗೇ ಎರಡು ದಿನ ಜಗಳ. ಕೊನೆಗೆ ‘ಕಾಲುದಾರಿ’ ಎಂದಾಯಿತು. ಮುಖಪುಟಕ್ಕೆ ಕವಲೇದುರ್ಗದ ಪ್ರವಾಸದಲ್ಲಿ ತೆಗೆದ ಫೋಟೋ. ಮೂರನೇ ಪುಟದಲ್ಲಿ ಸಂಪಾದಕೀಯ, ಏಳನೇ ಪುಟದಲ್ಲಿ ಹಿರಿಯರೊಬ್ಬರ ಸಂದರ್ಶನ, ನಡುವಿನ ಎರಡು ಪುಟದಲ್ಲಿ ‘ನಮ್ಮ ತರಗತಿ ಅಂಕಿಗಳಲ್ಲಿ’.

ಈ ಅಂಕಿಗಳಿಂದಲೇ ಎಲ್ಲ ಶುರುವಾದದ್ದು. ವಿನೋದ ನನ್ನ ಹಾಜರಿ ಪುಸ್ತಕ ಕೇಳಿ ತೆಗೆದುಕೊಂಡು, ಜೂನಿನಿಂದ ಯಾರು ಯಾವ ದಿನ ಬಂದಿಲ್ಲವೋ ಅಲ್ಲೆಲ್ಲ ಕೆಂಪು ಚುಕ್ಕಿ ಇಟ್ಟು ಒಂದು ಚಾರ್ಟ್ ಮಾಡಿದ್ದ. ಹುಡುಗರ ಸಾಲಿನಲ್ಲಿ ಚುಕ್ಕಿಗಳು ಎಲ್ಲೆಂದರಲ್ಲಿ ಚೆದುರಿದ್ದವು. ಹುಡುಗಿಯರಲ್ಲಿ ಒಂಬತ್ತು ಜನರ ಸಾಲಿನಲ್ಲಿ ಮಾತ್ರ ಪ್ರತಿ ತಿಂಗಳೂ ಮೂರು ಮೂರು ಚುಕ್ಕಿ ಒತ್ತೊತ್ತಾಗಿ ಕೂತಿದ್ದವು.

“ಮೇಡಂ, ಇವ್ರಿಗೆ ಮಾತ್ರ ತಿಂಗಳಿಗೊಂದ್ಸಲ ಜ್ವರ ಬರ್ತದಾ? ಅದೂ ಸರಿಯಾಗಿ ಮೂರೇ ದಿನ?” ಎಂದು ವಿನೋದ ಎಲ್ಲರ ಎದುರಿಗೇ ಕೇಳಿಬಿಟ್ಟ.

ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹುಡುಗಿಯರು ತಲೆ ತಗ್ಗಿಸಿದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ನಾನು “ಅದನ್ನ ಆಮೇಲೆ ನೋಡೋಣ, ಮುಂದಿನ ಪುಟ ತೆಗಿ” ಎಂದೆ. ಆಗ ಭವ್ಯಾ ನನ್ನ ಮುಖ ನೋಡಿದಳು. ಬೈದಿದ್ದರೆ ಸಹಿಸಬಹುದಿತ್ತು, ಆ ನೋಟವನ್ನು ಸಹಿಸುವುದು ಕಷ್ಟವಾಯಿತು.

ಎರಡು ದಿನದ ಮೇಲೆ ಅವಳು ಊಟದ ಬಿಡುವಿನಲ್ಲಿ ಅಪ್ಪನ ಹಳೇ ಫೋನು ಹಿಡಿದುಕೊಂಡು ನನ್ನ ಹತ್ತಿರ ಬಂದಳು.

“ಮೇಡಂ, ಅಜ್ಜಿ ಸಂದರ್ಶನ ಮಾಡಿದೆ. ಕೇಳ್ತೀರಾ?”

ಮೊದಲರ್ಧವೆಲ್ಲ ವೆಂಕಮ್ಮನವರ ಬಾಲ್ಯದ ಕಥೆ. ನಗು ಬರುವಂತೆ ಹೇಳಿದ್ದರು. ಆಮೇಲೆ ಭವ್ಯಾಳ ಧ್ವನಿ: “ಅಜ್ಜಿ, ನಿಮ್ಮ ಕಾಲದಲ್ಲೂ ಹೊರಗೆ ಕೂರ್ತಿದ್ರಾ?”

“ಕೂರ್ತಿದ್ರಾ ಅಂತ ಕೇಳ್ತೀಯಲ್ಲೇ. ಈಗಿನೋರ ಹಾಗೆ ಕಾಟಾಚಾರಕ್ಕಲ್ಲ. ನಂಗಾಗ ಹತ್ತೊಂಬತ್ತು. ನಮ್ಮವ್ವಂಗೆ ಹುಷಾರಿಲ್ಲ ಅಂತ ತೌರಿಗೆ ಹೋಗಿದ್ದೆ. ಹೋದ ಮಾರನೇ ದಿನವೇ ಹೊರಗಾದೆ. ಅಣ್ಣ ವೈದ್ಯರನ್ನ ಕರ್ಕೊಂಡು ಬರಕ್ಕೆ ಹೋದ. ಅತ್ತಿಗೆ ಹೊಳೆಗೆ ಹೋಗಿದ್ಲು. ಒಳಗೆ ಅವ್ವ ಒಬ್ಳೇ. ನಾನು ಕಿಟಕಿ ಹೊರಗೆ ಕೂತಿದ್ದೆ. ಅವ್ವ ನೀರು ಅಂತ ಕೇಳಿದ್ಲು. ತಂಬಿಗೆ ಅಲ್ಲೇ, ಮಂಚದ ಕಾಲ ಹತ್ರವೇ ಇತ್ತು. ನಾನು ಒಳಗೆ ಹೋಗ್ಲಿಲ್ಲ. ಅತ್ತಿಗೆ ಬರೋ ಹೊತ್ತಿಗೆ ಎಲ್ಲ ಮುಗ್ದಿತ್ತು. ಅಂಥಾ ಹೊತ್ತಲ್ಲೂ ನಾನು ನೇಮ ಮುರೀಲಿಲ್ಲ ಕಣೇ.”

ರೆಕಾರ್ಡಿಂಗ್ ಅಲ್ಲಿಗೆ ಮುಗಿದಿತ್ತು.

“ಅಜ್ಜಿ ಇದನ್ನ ಹೆಮ್ಮೆಯಿಂದ ಹೇಳಿದ್ರು ಮೇಡಂ,” ಎಂದಳು ಭವ್ಯಾ. “ಆದ್ರೆ ಹೇಳಿ ಆದ್ಮೇಲೆ ಅವತ್ತು ಊಟ ಮಾಡ್ಲಿಲ್ಲ.”

ಅವಳು ಒಂದು ಮಾತನ್ನೂ ಅಲಂಕಾರ ಮಾಡದೆ, ಅಜ್ಜಿ ಹೇಳಿದಂತೆಯೇ ಬರೆದುಕೊಂಡು ಬಂದಳು. ವಿನೋದ ಅದನ್ನು ಏಳನೇ ಪುಟಕ್ಕೆ ಜೋಡಿಸಿದ. ಟೈಪ್ ಮಾಡುವಾಗ ಅವನಿಗೂ ಚುಕ್ಕಿಗಳ ಅರ್ಥ ತಿಳಿಯಿತೆಂದು ಕಾಣುತ್ತದೆ. ಮರುದಿನ ಭವ್ಯಾಳ ಹತ್ತಿರ ಹೋಗಿ “ನಂಗೆ ಗೊತ್ತಿರ್ಲಿಲ್ಲ, ಸಾರಿ” ಎಂದನಂತೆ.

ಸುದ್ದಿ ರವೀಂದ್ರರ ಕಿವಿಗೆ ಬೀಳಲು ತಡವಾಗಲಿಲ್ಲ. ಅಂಗಿಯ ಮೇಲೆ ಹಿಟ್ಟಿನ ಧೂಳಿನೊಡನೆಯೇ ಶಾಲೆಗೆ ಬಂದರು. ಮುಖ್ಯೋಪಾಧ್ಯಾಯರಾದ ರಾಜೇಂದ್ರ ಅವರ ಕೋಣೆಗೆ ನನ್ನನ್ನೂ ಕರೆಸಿದರು.

“ಮೇಡಂ, ನಾಕು ಜನ ಬಂದುಹೋಗೋ ಜಾಗ ನಮ್ದು. ಮನೆ ಹೆಂಗಸ್ರ ವಿಷ್ಯ ಅಚ್ಚು ಹಾಕ್ಸಿದ್ರೆ ನಾನು ತಲೆ ಎತ್ಕೊಂಡು ಓಡಾಡೋದು ಹ್ಯಾಂಗೆ?”

“ನಿಮ್ಮ ತಾಯಿಯವರೇ ಹೇಳಿದ ಮಾತಲ್ವಾ?” ಎಂದೆ.

“ವಯಸ್ಸಾದೋರು, ಏನೋ ಹೇಳಿರ್ತಾರೆ. ನಾವು ವರ್ಷ ವರ್ಷ ಸಿಗಂದೂರು ದೇವಿಗೆ ನಡ್ಕೊಳ್ಳೋರು. ಮೈಲಿಗೆ ಆದ್ರೆ ಮನೆಗೆ ಒಳ್ಳೇದಾಗಲ್ಲ. ನಮ್ಮ ಹಿರಿಯರೇನು ದಡ್ಡರಾ?”

“ದಡ್ಡರಲ್ಲ. ಆದ್ರೆ ಜೂನಿನಿಂದ ಈಚೆಗೆ ನಿಮ್ಮ ಮಗಳು ಹದಿನೈದು ದಿನ ಶಾಲೆಗೆ ಬಂದಿಲ್ಲ. ಗಣಿತದ ಎರಡು ಪಾಠ ಪೂರ್ತಿ ತಪ್ಪಿಹೋಗಿವೆ. ಡಾಕ್ಟರ್ ಆಗ್ಬೇಕು ಅಂತೀರಿ. ಕಾಲೇಜಿನೋರು ತಿಂಗಳಿಗೆ ಮೂರು ದಿನ ಪಾಠ ನಿಲ್ಲಿಸ್ತಾರಾ? ಇವಳ ರೋಗಿಗಳು ಆ ಮೂರು ದಿನ ಕಾಯ್ತಾರಾ?”

ರಾಜೇಂದ್ರ ಸಾರ್ ನಡುವೆ ಬಂದು, “ಮಕ್ಕಳ ಪತ್ರಿಕೆ ಮೇಡಂ, ವಿವಾದ ಯಾಕೆ? ಆ ಪುಟಕ್ಕೆ ಶಾಲಾ ಕ್ರೀಡಾಕೂಟದ ವರದಿ ಹಾಕಿ” ಎಂದರು.

ನಾನು ಒಪ್ಪಿಕೊಂಡೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ರವೀಂದ್ರರ ಎದುರು ಅಷ್ಟು ಚೆನ್ನಾಗಿ ವಾದ ಮಾಡಿದವಳು, ವಿವಾದ ಎಂಬ ಒಂದು ಪದಕ್ಕೆ ಹೆದರಿ ಸುಮ್ಮನಾದೆ.

ಮರುದಿನದಿಂದ ಭವ್ಯಾ ಬರಲಿಲ್ಲ. ಪುಟಗಳು ಗುರುವಾರ ಪ್ರೆಸ್ಸಿಗೆ ಹೋಗಬೇಕಿತ್ತು, ಸಂಪಾದಕಿ ನೋಡದೆ ಕಳಿಸಲು ವಿನೋದ ಒಪ್ಪಲಿಲ್ಲ. ಬುಧವಾರ ಶಾಲೆ ಬಿಟ್ಟ ಮೇಲೆ ಕರಡು ಪ್ರತಿ ಹಿಡಿದು ನಾನೇ ಅವಳ ಮನೆಗೆ ಹೊರಟೆ. ಏಳನೇ ಪುಟ ಬರುವುದಿಲ್ಲವೆಂದು ಎದುರಿಗೇ ಹೇಳಿಬಿಡುವುದು ವಾಸಿ ಎನ್ನಿಸಿತ್ತು.

ಅವಳು ಸೌದೆ ಶೆಡ್ಡಿನ ಬಾಗಿಲಲ್ಲಿ ಕೂತಿದ್ದಳು. ಕಾಲಿನ ಬಳಿ ನೆಲದ ಮಣ್ಣಿನಲ್ಲಿ ಕಡ್ಡಿಯಿಂದ ಲೆಕ್ಕ ಬಿಡಿಸಿ ಅಳಿಸಿದ ಗುರುತುಗಳಿದ್ದವು. ಅವಳ ಮೂರು ದಿನ ಅದು, ಪುಸ್ತಕ ಮುಟ್ಟುವಂತಿಲ್ಲವಲ್ಲ. ನನ್ನನ್ನು ಕಂಡು ಎದ್ದು ನಿಂತಳು. ನಾನು ವಿಷಯ ಹೇಳಿದೆ. ಅಳುತ್ತಾಳೆಂದುಕೊಂಡಿದ್ದೆ, ಅಳಲಿಲ್ಲ.

“ನೀವೂ ಹೆದರಿದ್ರಾ ಮೇಡಂ?” ಎಂದಷ್ಟೇ ಕೇಳಿದಳು.

ಜಗಲಿಯಿಂದ ವೆಂಕಮ್ಮನವರ ಧ್ವನಿ ಬಂತು. “ಯಾರು, ಟೀಚರಮ್ಮನಾ? ಬನ್ನಿ, ಕೂತ್ಕಳಿ. ಎಂತ ಅದು ಕಾಗದ?”

“ಅಜ್ಜಿ, ನೀವು ಹೇಳಿದ್ದೆಲ್ಲ ಅಚ್ಚಾಗಬೇಕಿತ್ತು. ಈಗ ಆಗಲ್ವಂತೆ,” ಎಂದಳು ಭವ್ಯಾ ಅಂಗಳದಿಂದಲೇ.

“ನಂಗೆ ಕಣ್ಣು ಸರಿ ಕಾಣಲ್ಲ. ಎಂತ ಬರ್ದಿದೀಯ, ಓದು ನೋಡೋಣ.”

ಭವ್ಯಾ ನನ್ನ ಕಡೆ ಕೈ ಚಾಚಿದಳು. ಹೊರಗಾದವಳ ಕೈಗೆ ಕಾಗದ ಕೊಡಲು ನಾನೂ ಒಂದು ಕ್ಷಣ ಹಿಂಜರಿದೆ. ಹನ್ನೊಂದು ವರ್ಷ ಬೋರ್ಡಿನ ಮೇಲೆ ಪಾಠ ಬರೆದ ಕೈ! ಆಮೇಲೆ ಕೊಟ್ಟೆ. ಗಿರಣಿ ನಿಲ್ಲಿಸಿ ರವೀಂದ್ರ ಬಂದರು. ವಾರಿಜಾ ಒಳಬಾಗಿಲಲ್ಲಿ ಸೆರಗಿಗೆ ಕೈ ಒರೆಸುತ್ತ ನಿಂತರು. ಹುಡುಗಿ ಅಂಗಳದಲ್ಲಿ ನಿಂತು ಗಟ್ಟಿಯಾಗಿ, ನಿಧಾನವಾಗಿ ಓದಿದಳು. ತೌರಿಗೆ ಹೋದದ್ದು, ಕಿಟಕಿ, ತಂಬಿಗೆ, ಕೊನೆಯ ಸಾಲಿನವರೆಗೂ.

ವೆಂಕಮ್ಮ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

“ಒಂದು ತಪ್ಪಿದೆ,” ಎಂದರು.

“ನೋಡಿದ್ಯಾ, ನಾನು ಹೇಳ್ಲಿಲ್ವಾ,” ಎಂದು ರವೀಂದ್ರ ಮುಂದೆ ಬಂದರು. “ಬೇಡ ಅಂತ ಹೇಳವ್ವಾ ಅವಳಿಗೆ.”

“ಸುಮ್ನಿರು ಮಾರಾಯ.” ವೆಂಕಮ್ಮ ಮೊಮ್ಮಗಳ ಕಡೆಗೇ ಮುಖ ಮಾಡಿದ್ದರು. “ಅವ್ವ ನೀರು ಕೇಳಿದ್ಲು ಅಂತ ಬರ್ದಿದೀಯ. ಒಂದ್ಸಲ ಅಲ್ಲ, ಮೂರು ಸಲ ಕೇಳಿದ್ಲು. ಕಡೇ ಸಲ ನನ್ನ ಹೆಸ್ರು ಹಿಡಿದು ಕರೆದ್ಲು. ಒಂದ್ಸಲ ಅಂತ ಬರೆದ್ರೆ ಓದೋರು ಎಂತ ತಿಳ್ಕೋತಾರೆ? ಪಾಪ, ಮಗಳಿಗೆ ಕೇಳಿಸ್ಲಿಲ್ಲ ಅಂತ ತಿಳ್ಕೋತಾರೆ. ನಂಗೆ ಕೇಳಿಸ್ತಿತ್ತು.”

ಭವ್ಯಾ ಅಂಗಳದಿಂದ ಜಗಲಿಗೆ ಮೂರು ಮೆಟ್ಟಿಲು ಹತ್ತಿದಳು. ರವೀಂದ್ರ “ಏಯ್” ಎಂದರು. ಅವಳು ನಿಲ್ಲಲಿಲ್ಲ. ಅಜ್ಜಿಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು ನನ್ನಿಂದ ಪೆನ್ನು ಕೇಳಿ ತೆಗೆದುಕೊಂಡಳು. ಸಾಲಿನ ನಡುವೆ ಗುರುತು ಹಾಕಿ ‘ಮೂರು ಸಲ’ ಎಂದು ಸೇರಿಸಿದಳು. ಅವಳ ಭುಜ ಅಜ್ಜಿಯ ಮಂಡಿಗೆ ತಾಗಿತ್ತು. ವೆಂಕಮ್ಮ ಕಾಲು ಹಿಂದಕ್ಕೆ ಎಳೆದುಕೊಂಡರು, ವರ್ಷಗಳ ಅಭ್ಯಾಸ. ಸ್ವಲ್ಪ ಹೊತ್ತಿನ ಮೇಲೆ ಕಾಲನ್ನು ಮತ್ತೆ ಮೊದಲಿನ ಜಾಗಕ್ಕೇ ತಂದಿಟ್ಟರು.

“ಹೆಸ್ರು ಹಾಕ್ಲಾ ಅಜ್ಜಿ?”

“ಹಾಕು. ನಮ್ಮವ್ವನ ಹೆಸ್ರೂ ಹಾಕು. ಕನ್ನಮ್ಮ ಅಂತ.”

ಗುರುವಾರ ಏಳನೇ ಪುಟ ಆ ತಿದ್ದುಪಡಿಯೊಡನೆ ಪ್ರೆಸ್ಸಿಗೆ ಹೋಯಿತು. ರಾಜೇಂದ್ರ ಸಾರಿಗೆ ನಾನೇ ಹೋಗಿ ಹೇಳಿದೆ, ಏನಾದರೂ ತೊಂದರೆ ಬಂದರೆ ನನ್ನ ಹೆಸರಿಗೇ ಬರಲಿ ಎಂದು ಬರೆದೂ ಕೊಟ್ಟೆ. ಪತ್ರಿಕೆ ಬಂದ ಮೇಲೆ ಇಬ್ಬರು ತಂದೆಯರು ಪ್ರತಿ ವಾಪಸು ಕಳಿಸಿದರು. ಒಬ್ಬ ತಾಯಿ ಶಾಲೆಯ ಗೇಟಿನವರೆಗೂ ಬಂದು, ಒಳಗೆ ಬರದೆ, ಇನ್ನೊಂದು ಪ್ರತಿ ಸಿಗಬಹುದೇ ಎಂದು ಕೇಳಿದರು, ತಂಗಿಗೆ ಕೊಡಲಿಕ್ಕಂತೆ. ಆ ತಿಂಗಳು ನನ್ನ ದಿನ ಬಂದಾಗ ನಾನು ಅಡುಗೆಮನೆಗೆ ಹೋಗಿ ಕಾಫಿ ಮಾಡಿದೆ. ಅತ್ತೆ ಮೂರು ದಿನ ನನ್ನೊಡನೆ ಮಾತಾಡಲಿಲ್ಲ, ಕಾಫಿಯನ್ನೂ ಕುಡಿಯಲಿಲ್ಲ. ಈಗಲೂ ಕುಡಿಯುವುದಿಲ್ಲ. ಆ ಜಗಳ ಇನ್ನೂ ನಡೆಯುತ್ತಿದೆ, ನಡೆಯಲಿ.

ಭವ್ಯಾಳ ಮನೆಯಲ್ಲಿ ಜನವರಿಯಲ್ಲಿ ಏನಾಯಿತೆಂದು ಅವಳೇ ಹೇಳಿದಳು. ಬೆಳಿಗ್ಗೆ ಎದ್ದವಳು ಅಮ್ಮನಿಗೆ ಹೊರಗಾದ ವಿಷಯ ತಿಳಿಸಿ, ಸ್ನಾನ ಮಾಡಿ, ಯೂನಿಫಾರ್ಮ್ ಹಾಕಿ, ಬ್ಯಾಗು ಹೆಗಲಿಗೇರಿಸಿದಳು. ಗಿರಣಿಯ ಬಾಗಿಲಲ್ಲಿ ಅಪ್ಪ ಅಡ್ಡ ನಿಂತರು.

“ಎಲ್ಲಿಗೆ?”

“ಶಾಲೆಗೆ. ಇನ್ಮೇಲೆ ನಾನು ಶೆಡ್ಡಿಗೆ ಹೋಗಲ್ಲ ಅಪ್ಪ. ನೀವು ಬೈದ್ರೂ ಹೋಗಲ್ಲ.”

ರವೀಂದ್ರ ಹೆಂಡತಿಯನ್ನು ನೋಡಿದರು. ವಾರಿಜಾ ಊಟದ ಡಬ್ಬಿಯನ್ನು ತಂದು ಮಗಳ ಕೈಗೇ ಕೊಟ್ಟರು. ನೆಲದ ಮೇಲಿಟ್ಟು ಸರಿಸಲಿಲ್ಲ. ರವೀಂದ್ರ ತಾಯಿಯ ಕಡೆ ತಿರುಗಿದರು. ಅವರಾದರೂ ಒಂದು ಮಾತು ಹೇಳುತ್ತಾರೆಂದು ಕಾದರು.

ವೆಂಕಮ್ಮ ಕುರ್ಚಿಯಿಂದಲೇ ಹೇಳಿದರು: “ದಾರಿ ಬಿಡೋ, ಬಸ್ಸು ಬರೋ ಹೊತ್ತಾಯ್ತು.”