ಊರು ಒಪ್ಪದ ಹಾಡು

ನಮ್ಮ ನಾಟಕದ ಕಂಪನಿಯಲ್ಲಿ ಒಂದು ಕಟ್ಟಳೆ ಇತ್ತು. ಹೊಸ ನಾಟಕ ಬರೆದ ಮೇಲೆ ಅದನ್ನು ಮೊದಲು ಮಿಡಿಗೇಶಿಯಲ್ಲಿ, ಆಮೇಲೆ ಐ.ಡಿ.ಹಳ್ಳಿಯಲ್ಲಿ, ವೇಷ ಪರದೆ ಏನೂ ಇಲ್ಲದೆ ಜನರೆದುರು ಓದಿ ಹಾಡಬೇಕು. ಅವರು ಬೇಡ ಎಂದದ್ದನ್ನು ತೆಗೆಯಬೇಕು, ಬೇಕು ಎಂದದ್ದನ್ನು ಸೇರಿಸಬೇಕು. ನಾಟಕ ಬರೆದು ಹಾರ್ಮೋನಿಯಂ ನುಡಿಸುತ್ತಿದ್ದ ಶಿರಾದ ಹುಸೇನ್ ಸಾಬರು ಮಾಡಿದ ಕಟ್ಟಳೆ ಅದು. ಹೆಣ್ಣುಪಾತ್ರ ಮಾಡುತ್ತಿದ್ದ ನನಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ಎಲೆಅಡಿಕೆ ಜಗಿಯುತ್ತಾ ಕೂತವರು ನನ್ನ ಹಾಡಿಗೆ ಕತ್ತರಿ ಹಾಕುವುದೆಂದರೇನು!

ಐವತ್ತೆಂಟರ ಬೇಸಗೆಯಲ್ಲಿ ಸಾಬರು ಬರೆದ ನಾಟಕದಲ್ಲಿ ರಾಜ ದಂಡಿನ ಜೊತೆ ದೂರ ಹೋಗಿರುತ್ತಾನೆ. ಅರಮನೆಯಲ್ಲಿ ಪುಟ್ಟ ಮಗಳು ಜ್ವರದಿಂದ ಸಾಯುತ್ತಾಳೆ. ಅವನು ಬರುವ ಹೊತ್ತಿಗೆ ಮಣ್ಣು ಮಾಡಿ ಆಗಿರುತ್ತದೆ. ಆಗ ರಾಣಿ ಹಾಡುತ್ತಾಳೆ: 'ತಡವಾಗಿ ಬಂದೆಯೋ ದೊರೆಯೇ, ಕೂಸಿನ ಹಾಸಿಗೆ ತಣ್ಣಗಾಯಿತು.'

ಅದು ಎಲ್ಲಿಂದ ಬಂದ ಹಾಡು ಎಂದು ಕಂಪನಿಗೆಲ್ಲ ಗೊತ್ತಿತ್ತು. ಹಿಂದಿನ ವರ್ಷ ನಾವು ಪಾವಗಡದಲ್ಲಿ ಆಡುತ್ತಿದ್ದಾಗ ಸಾಬರ ಮಗಳು ಖಾಜಾಬಿ ಸಿಡುಬಿನಿಂದ ಹೋಗಿದ್ದಳು. ಸಾಬರು ಶಿರಾ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಅಂದಿನಿಂದ ಅವರ ಹೆಂಡತಿ ರಹಮತ್ ಬಿ ಮಗಳ ಹೆಸರೆತ್ತಿರಲಿಲ್ಲ, ಅತ್ತಿರಲೂ ಇಲ್ಲ.

"ಬಯ್ದಿದ್ರೂ ಸಾಕಿತ್ತು ಕದರಪ್ಪ. ಮಾತೇ ಇಲ್ವಲ್ಲ" ಎಂದು ಸಾಬರು ನನ್ನೆದುರು ಕೊರಗಿದ್ದರು. ಹೆಂಡತಿ ಆಡದ ಬೈಗುಳವನ್ನು ರಾಣಿಯ ಬಾಯಲ್ಲಿ ಆಡಿಸಿ, ಬಾಯಿಬಿಟ್ಟು ಕೇಳಲಾಗದ ಮಾಫಿಯನ್ನು ಆ ಹಾಡಿನಲ್ಲಿ ಕೇಳಿದ್ದರು. ಆಕೆಯ ಕಿವಿಗೆ ಬೀಳಲಿ ಎಂದೇ ಓದಿಗೆ ಕರೆತಂದಿದ್ದರು.

ಮಿಡಿಗೇಶಿಯಲ್ಲಿ ರಹಮತ್ ಬಿ ಹೆಂಗಸರ ಹಿಂದೆ ಸೆರಗು ಹೊದ್ದು ಕೂತಿದ್ದರು. ನಾನು ಹಾಡಿದೆ. ಊರೆಲ್ಲ ಅತ್ತಿತು, ಆಕೆ ಮಾತ್ರ ಅಳಲಿಲ್ಲ. ಹಾಡು ಗೆದ್ದಿತು ಎಂದು ನಾನು ಬೀಗುವಷ್ಟರಲ್ಲಿ ಚಿಕ್ಕಹನುಮಕ್ಕ ಎಂಬ ಮುದುಕಿ ಎದ್ದು ನಿಂತಳು.

"ಅಲ್ಲಾ ಸಾಬಣ್ಣ, ಮಗೀನ ಸಾಯಿಸ್ಬುಟ್ರೆ ನಾವು ಮನೀಗೆ ಹೆಂಗೆ ಹೋಗಾದು? ಆ ರಾಜ ಒಂದು ಗಳಿಗೆ ಮುಂಚೆ ಬಂದ್ಬುಡ್ಲಿ. ಮಗು ಕಣ್ ಬುಡ್ಲಿ."

ಎಲ್ಲರೂ ಹೌದು ಹೌದು ಎಂದರು. ಐ.ಡಿ.ಹಳ್ಳಿಯಲ್ಲೂ ಅದೇ ಮಾತು.

"ಇದೊಂದು ಹಾಡಿಗೆ ಕಟ್ಟಳೆ ಬುಟ್ಬುಡಿ ಸಾಬ್ರೆ" ಎಂದು ನಾನು ಜಗಳಕ್ಕೇ ನಿಂತೆ.

"ನಂದು ಅಂತ ಇದನ್ನ ಉಳಿಸ್ಕೊಂಡ್ರೆ, ನಾಳೆ ನಿನ್ನ ಹಾಡನ್ನ ಯಾವ ಮೊಕ ಇಟ್ಕೊಂಡು ತೆಗೀಲಿ?" ಎಂದರು.

ಬದಲಾದ ಹಾಡು ಕಲಿಯಲು ಶಿರಾದ ಅವರ ಮನೆಗೆ ಹೋದೆ. ರಾಜ ಬರುತ್ತಾನೆ, ಮಗಳು ಕಣ್ಣು ಬಿಡುತ್ತಾಳೆ, ರಾಣಿ ಸಂತೋಷದಿಂದ ಹಾಡುತ್ತಾಳೆ. ಸಾಬರು ಒಂದು ಸಲ ಹೇಳಿಕೊಡುವಷ್ಟರಲ್ಲಿ ರಹಮತ್ ಬಿ ಚಹಾ ತಂದಿಟ್ಟು, ಹೋಗದೆ ಅಲ್ಲೇ ನಿಂತರು.

"ಹಳೇ ಪದ ಏನಾಯ್ತು?" ಎಂದರು ಗಂಡನಿಗೆ.

"ಊರು ಒಪ್ಪಲಿಲ್ಲ."

"ಊರಿಗೆ ಬ್ಯಾಡಾಂದ್ರೆ ನಂಗೆ ಕೊಟ್ಬುಡಿ" ಎಂದರು ಆಕೆ. "ಆ ರಾಜ ಬೇಗ ಬರ್ಲಿ ಪಾಪ. ನೀವು ಬರ್ಲಿಲ್ವಲ್ಲ."

ಸಾಬರು ತಲೆ ತಗ್ಗಿಸಿದರು. ರಹಮತ್ ಬಿ ಬಾಗಿಲಿಗೆ ಒರಗಿ ಕೂತು ತಾವೇ ಆ ಹಾಡು ಎತ್ತಿಕೊಂಡರು. ಎರಡು ಊರಿನಲ್ಲಿ ಕೇಳಿದ್ದಷ್ಟೇ, ಪೂರ್ತಿ ಬಾಯಿಗೆ ಬಂದಿತ್ತು. ಸಾಬರು ಹಾರ್ಮೋನಿಯಂನಲ್ಲಿ ಶ್ರುತಿ ಹಿಡಿದರು. ಕೂಸಿನ ಹಾಸಿಗೆ ಎನ್ನುವಲ್ಲಿಗೆ ಬಂದಾಗ ಆಕೆಯ ದನಿ ಒಡೆಯಿತು. "ಖಾಜಾ, ನನ್ನ ಖಾಜಾ" ಎಂದು ಬಿಕ್ಕಿ ಬಿಕ್ಕಿ ಅತ್ತರು. ನನಗೂ ತಡೆಯಲಾಗಲಿಲ್ಲ, ಚಹಾ ಮುಟ್ಟದೆ ಎದ್ದು ಬಂದೆ.

ಕೊರಟಗೆರೆಯ ಮೊದಲ ಆಟದಲ್ಲಿ ರಾಜ ಹೊತ್ತಿಗೆ ಸರಿಯಾಗಿ ಬಂದ. ಮಗು ಕಣ್ಣು ಬಿಟ್ಟಿತು, ಜನ ಕುಣಿದಾಡಿದರು. ರಾಣಿಯ ವೇಷದಲ್ಲಿ ಆ ಸಂತೋಷದ ಹಾಡು ಹಾಡುತ್ತಿದ್ದ ನಾನು ಹಾರ್ಮೋನಿಯಂ ಕಡೆ ತಿರುಗಲಿಲ್ಲ. ಸಾಬರ ಮುಖ ನೋಡಿದ್ದರೆ ನನ್ನಿಂದ ಹಾಡಲು ಆಗುತ್ತಿರಲಿಲ್ಲ.