ಕುಲುಮೆ ಮನೆಯ ಕಿಟಕಿ

ಊಟ ಮುಗಿಸಿ ಬಂದ ಅಳಿಯ ಮೊದಲು ನೋಡಿದ್ದೇ ಕಿಟಕಿಯನ್ನು. ಮುಚ್ಚಿತ್ತು. ಬೆಳಿಗ್ಗೆ ಅವನೇ ಎರಡೂ ಬಾಗಿಲುಗಳನ್ನು ಹಿಂದಕ್ಕೆ ತಳ್ಳಿ, ಗಾಳಿಗೆ ಬಡಿದುಕೊಳ್ಳದಿರಲಿ ಎಂದು ಕೆಳಗೆ ಇಟ್ಟಿಗೆ ಚೂರು ಸಿಕ್ಕಿಸಿ ಹೋಗಿದ್ದ. ಇಟ್ಟಿಗೆ ಚೂರು ಮೂಲೆ ಸೇರಿತ್ತು, ಚಿಲಕ ಬಿದ್ದಿತ್ತು. ಒಂದು ದಿನವಾದರೆ ಗಾಳಿ ಎನ್ನಬಹುದು, ಎರಡು ದಿನವಾದರೆ ಬೆಕ್ಕು ಎನ್ನಬಹುದು. ಇದು ನಾಲ್ಕನೆಯ ದಿನ, ಮತ್ತು ಚಿಲಕ ಹಾಕುವ ಬೆಕ್ಕು ಆ ಬೀದಿಯಲ್ಲಿ ಯಾವುದೂ ಇರಲಿಲ್ಲ.

ಕುಲುಮೆ ಮನೆಗೆ ಬೀಗದ ಕೈ ಇದ್ದದ್ದು ಇಬ್ಬರ ಹತ್ತಿರ. ಒಂದು ಅವನದು, ಇನ್ನೊಂದು ಮಾವನದು. ಮಾವ ಈಗ ಕಬ್ಬಿಣ ಬಡಿಯುವ ಅಡಿಗಲ್ಲಿನ ಪಕ್ಕದಲ್ಲಿ ಕೂತು, ಏನೂ ಗೊತ್ತಿಲ್ಲದವರ ಹಾಗೆ ಇಕ್ಕಳದ ಕೀಲಿಗೆ ಎಣ್ಣೆ ಬಿಡುತ್ತಿದ್ದರು.

"ಮಾವ, ಕಿಟಕಿ ತೆಗೆದೇ ಇರಬೇಕು" ಅಂದ ಅಳಿಯ.

"ಹೂಂ" ಅಂದರು ಮಾವ. "ಸೆಕೆ ಆದ್ರೆ ನೀವು ಆಚೆ ಕೂತ್ಕೊಳ್ಳಿ ಅಳಿಯಂದ್ರೇ."

ಮಾವ ಎಂದೂ ಅವನನ್ನು ಏಕವಚನದಲ್ಲಿ ಕರೆದವರಲ್ಲ. ಆ ಮರ್ಯಾದೆಯ ಮೇಲೂ ಅವನಿಗೆ ಈಚೆಗೆ ಗುಮಾನಿ ಬಂದಿತ್ತು. ಇಷ್ಟೊಂದು ಬಹುವಚನ ಕೊಡುವವರು ಒಳಗೆ ಏನನ್ನೋ ಬಚ್ಚಿಟ್ಟುಕೊಂಡಿರುತ್ತಾರೆ ಎಂದು ಅವನ ಲೆಕ್ಕ.

ಇದೆಲ್ಲ ಶುರುವಾದದ್ದು ಮಾವನ ಕೆಮ್ಮಿನಿಂದ. ಮೂವತ್ತೈದು ವರ್ಷ ಇದ್ದಿಲ ಹೊಗೆ ಕುಡಿದ ಎದೆ ಅದು. ಇನ್ನೊಂದು ವರ್ಷ ಹೀಗೇ ಕೂತರೆ ಆಮೇಲೆ ನನ್ನ ಹತ್ತಿರ ಬರಬೇಡಿ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು. ಮಾವ ಕುಲುಮೆ ಬಿಡುವ ಪೈಕಿ ಅಲ್ಲ. ಹಾಗಾಗಿ ಇದ್ದಿಲನ್ನೇ ಬಿಡಿಸುವುದು ಎಂದು ಅಳಿಯ ಗಂಟುಬಿದ್ದ. ಮದುವೆಗೆ ಮುಂಚೆ ಅವನು ಮನೆ ಮನೆಗೆ ನಲ್ಲಿ ಹಾಕುತ್ತಿದ್ದವನು, ಬೀದಿಯವರು ಇವತ್ತಿಗೂ ಅವನನ್ನು ನಲ್ಲಿ ಎಂದೇ ಕರೆಯುತ್ತಾರೆ. ಪೈಪು ಎಂದರೆ ಅವನ ಕೈ ತಾನಾಗಿ ಓಡುತ್ತದೆ.

ಗ್ಯಾಸ್ ಒಲೆಯನ್ನು ಅವನು ಹದಿನೈದು ದಿನ ಕೂತು ಮಾಡಿದ. ಗೇಣುದ್ದದ ಮುಕ್ಕಾಲು ಇಂಚಿನ ಕಬ್ಬಿಣದ ಪೈಪು, ಅದರ ಹಿಂದೆ ಅಗಲ ಬಾಯಿಂದ ಕಿರಿದಾಗುತ್ತ ಬರುವ ರೆಡ್ಯೂಸರ್ ಎಂಬ ಜೋಡಣೆ, ಆ ಬಾಯಿಗೆ ಅಡ್ಡಲಾಗಿ ಹಿತ್ತಾಳೆ ಕೊಳವೆ, ಕೊಳವೆಯ ಮೂತಿಯಲ್ಲಿ ಸೂಜಿ ಮೊನೆಯಷ್ಟು ತೂತು. ಆ ತೂತಿನಿಂದ ಚಿಮ್ಮುವ ಗ್ಯಾಸು ಸುತ್ತಲಿನ ಗಾಳಿಯನ್ನು ತಾನೇ ಎಳೆದುಕೊಂಡು ಹೋಗಬೇಕು, ತಿದಿ ಒತ್ತುವ ಕೆಲಸವೇ ಇರಬಾರದು. ಬೆಂಕಿ ಕೂರುವುದಕ್ಕೆ ಹಳೆಯ ಬಣ್ಣದ ಡಬ್ಬ, ಅದರೊಳಗೆ ಉರಿ ತಡೆಯುವ ಬಿಳಿ ಉಣ್ಣೆ, ಅದರ ಮೇಲೆ ಸಿಮೆಂಟಿನ ಲೇಪ. ಸಿಲಿಂಡರನ್ನು ಗೋಡೆಯ ಹೊರಗಿಟ್ಟು, ಕೀಲು ಕೀಲಿಗೂ ಸೋಪಿನ ನೀರು ಬಳಿದು ಗುಳ್ಳೆ ಏಳುತ್ತದೆಯೇ ಎಂದು ನೋಡಿದ್ದ.

ಮೊದಲ ಸಲ ಹಚ್ಚಿದಾಗ ಅದು ಧಡ್ ಎಂದು ಹಿಂದಕ್ಕೆ ಉಗುಳಿ ಅವನ ಅರ್ಧ ಮೀಸೆ ತಿಂದಿತು. ತೂತು ನಡುವಿಗೆ ಇರಲಿಲ್ಲ, ಉರಿ ಒಂದು ಪಕ್ಕಕ್ಕೆ ವಾಲಿಕೊಂಡು ಹಳದಿಯಾಗಿ ಅಳುತ್ತಿತ್ತು. ಕೊಳವೆಯನ್ನು ಕೂದಲೆಳೆಯಷ್ಟು ಹಿಂದೆ, ಕೂದಲೆಳೆಯಷ್ಟು ಮುಂದೆ ಸರಿಸುತ್ತ ಮೂರು ದಿನ ಒದ್ದಾಡಿದ ಮೇಲೆ, ಒಂದು ಬೆಳಿಗ್ಗೆ ಉರಿ ನೀಲಿಯಾಗಿ ನೆಟ್ಟಗೆ ನಿಂತು ಒಂದೇ ಸಮನೆ ಮೊರೆಯಿತು. ಮಾವ ನೋಡಿ "ಜೋರಾಗಿದೆ" ಅಂದರು. ಅದು ಹೊಗಳಿಕೆಯೋ ದೂರೋ ಅವನಿಗೆ ಇನ್ನೂ ತಿಳಿದಿಲ್ಲ.

ಅದೇ ದಿನ ಅವನು ಕಿಟಕಿಯನ್ನು ಹಾರೆ ಹಾಕಿ ಬಿಡಿಸಿದ್ದ. ಅದು ಮಾವನ ಕಾಲದಲ್ಲಿ ಒಮ್ಮೆಯೂ ತೆರೆದದ್ದಲ್ಲ, ಮಸಿಯಿಂದಲೇ ಅಂಟಿಕೊಂಡಿತ್ತು. ಬೆಳಕು ಒಳಗೆ ಬಿದ್ದು ಕುಲುಮೆ ಮನೆಯ ಜೇಡರ ಬಲೆಗಳೆಲ್ಲ ಮೊದಲ ಸಲ ಲೋಕಕ್ಕೆ ಕಂಡವು. ಕಿಟಕಿ ಯಾಕೆಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಗ್ಯಾಸು ಉರಿಯುವ ಕಡೆ ಗಾಳಿ ಆಡಬೇಕು ಎಂಬುದು ಯಾರಿಗೆ ತಾನೇ ಗೊತ್ತಿಲ್ಲ?

ಮೊದಲ ವಾರವೇ ಎಡವಟ್ಟಾಯಿತು. ಕಲ್ಲು ಒಡೆಯುವವರ ಮೇಸ್ತ್ರಿ ಪ್ರತಿ ವಾರ ಉಳಿಗಳ ಕಟ್ಟು ತರುತ್ತಿದ್ದ. ಅಳಿಯ ಮೊನೆ ಬಡಿದು ಚೂಪು ಮಾಡುವುದು, ಮಾವ ಅದನ್ನು ಕಾಯಿಸಿ ನೀರಿಗೆ ಅದ್ದಿ ಹದ ಹಾಕುವುದು. ಹದ ಹಾಕುವಾಗ ಪಕ್ಕದಲ್ಲಿ ಯಾರೂ ಇರಬಾರದು ಎಂಬುದು ಮಾವನ ಹಳೆಯ ಗೀಳು, ಅದಕ್ಕೇ ಅಳಿಯ ಊಟಕ್ಕೆ ಹೋದ ಹೊತ್ತು ನೋಡಿ ಆ ಕೆಲಸ ಮಾಡುತ್ತಿದ್ದರು. ಆ ವಾರ ಮೇಸ್ತ್ರಿ ಬಂದು ಕರವಸ್ತ್ರ ಬಿಚ್ಚಿ, ಮುರಿದ ಐದು ಮೊನೆಗಳನ್ನು ಅಡಿಗಲ್ಲಿನ ಮೇಲೆ ಸುರಿದ.

"ಹೊಸ ಒಲೆಯ ಕೆಲಸವಾ ಇದು? ಬಿಸ್ಕತ್ತಿನ ಥರ ಮುರೀತಾವೆ."

ಮಾವ ಮುರಿದ ಮೊನೆ ನೋಡಿದರು, ಆಮೇಲೆ ಕಿಟಕಿ ಕಡೆ ನೋಡಿದರು. ತನ್ನ ಮುಖ ನೋಡಲಾರದೆ ಆ ಕಡೆ ತಿರುಗಿದರು ಎಂದುಕೊಂಡ ಅಳಿಯ. ಅವತ್ತು ಸಂಜೆ ಕೂತು ಕೊಳವೆಯನ್ನು ಮತ್ತೊಂದು ಕೂದಲೆಳೆ ಸರಿಸಿದ. ಮುಂದಿನ ವಾರದ ಉಳಿಗಳಲ್ಲಿ ಒಂದೂ ಮುರಿಯಲಿಲ್ಲ. ಅವನು ಹಿಗ್ಗಿಹೋದ. ಕಿಟಕಿ ಮುಚ್ಚತೊಡಗಿದ್ದೂ ಅದೇ ವಾರ.

"ನಿಮ್ಮಪ್ಪನಿಗೆ ಒಲೆ ಕಂಡ್ರೆ ಆಗಲ್ಲ" ಎಂದು ಅವನು ಹೆಂಡತಿಗೆ ಹೇಳಿದ. "ಇದ್ದಿಲಿನ ಮೂಟೆ ಇನ್ನೂ ಹಿತ್ತಲಲ್ಲಿ ಹಂಗೇ ಇದೆ, ಮೇಲೆ ತಗಡು ಮುಚ್ಚಿ ಜೋಪಾನ ಮಾಡಿದ್ದಾರೆ. ಒಲೆ ಕೆಟ್ಟದ್ದು ಅಂತ ಆಗಲಿ ಅಂತ ಕಾಯ್ತಿದ್ದಾರೆ. ಒಳಗೆ ಗ್ಯಾಸು ತುಂಬ್ಕೊಂಡು ನಾನೇ ಹೋಗ್ಲಿ ಅಂತಾನೋ ಏನೋ, ಯಾರಿಗೆ ಗೊತ್ತು."

"ಹೋಗ್ರೀ! ನಮ್ಮಪ್ಪ ಇರುವೆ ತುಳಿಯೋಕೂ ಹಿಂದೆ ಮುಂದೆ ನೋಡ್ತಾರೆ."

"ಇರುವೆ ಬೇರೆ, ಅಳಿಯ ಬೇರೆ. ಹಿಂಗೇ ಆದ್ರೆ ಅವರು ಕುಲುಮೆಗೆ ಬರೋದೇ ಬೇಡ, ಮನೇಲಿ ಕೂತಿರ್ಲಿ."

ಗೋಡೆಯಾಚೆ ಮಾವನ ಮಂಚ ಕಿರ್ ಎಂದಿತು. ಆ ಮನೆಯ ಗೋಡೆಗಳು ದಪ್ಪ ಹಾಳೆಗಿಂತ ಸ್ವಲ್ಪ ಗಟ್ಟಿ, ಅಷ್ಟೆ.

ಆ ವಾರವಿಡೀ ಮಾವ ಮನೆಗೆ ಬಂದವರೇ ಹಣೆ ಗಂಟು ಹಾಕಿಕೊಂಡು ಗೋಡೆ ಕಡೆ ತಿರುಗಿ ಮಲಗುತ್ತಿದ್ದರು. ಮುನಿಸು, ಎಂದುಕೊಂಡ ಅಳಿಯ. ಮುನಿಸಲ್ಲದೆ ಇನ್ನೇನು. ಅವನಿಗೂ ಪಿತ್ತ ನೆತ್ತಿಗೇರಿತು. ಮರುದಿನ ಚಿಲಕಕ್ಕೆ ಸೀಮೆಸುಣ್ಣದ ಪುಡಿ ಸವರಿ ಊಟಕ್ಕೆ ಹೋದ. ಬಂದು ನೋಡಿದರೆ ಕಿಟಕಿ ಮುಚ್ಚಿದೆ, ಮಾವನ ಹೆಬ್ಬೆರಳು ತೋರುಬೆರಳು ಬೆಳ್ಳಗಿವೆ. ಆ ಬೆರಳುಗಳಲ್ಲೇ ಅವರು ಅವನಿಗೆ ಟೀ ಲೋಟ ಚಾಚಿದರು. ಅವನು ಕುಡಿಯಲಿಲ್ಲ, ಹೊಟ್ಟೆ ಸರಿಯಿಲ್ಲ ಎಂದ.

ಮಾತಿನಲ್ಲಿ ಕೇಳುವ ಬದಲು ಅವನು ಮಾಡಿದ್ದೇನು ಗೊತ್ತೇ? ತಿರುಪುಳಿ ತಗೊಂಡು ಕಿಟಕಿಯ ಎರಡೂ ಬಾಗಿಲುಗಳನ್ನು ಕೀಲಿನಿಂದಲೇ ಬಿಚ್ಚಿ, ಸೈಕಲ್ಲಿಗೆ ಕಟ್ಟಿಕೊಂಡು ಮನೆಗೆ ಒಯ್ದು ಮಂಚದ ಕೆಳಗೆ ತಳ್ಳಿದ.

"ಯಾರಾದ್ರೂ ಕಿಟಕಿ ಬಾಗಿಲನ್ನ ಮಂಚದ ಕೆಳಗೆ ಇಡ್ತಾರೇನ್ರೀ?" ಅಂದಳು ಹೆಂಡತಿ.

"ಇನ್ನು ಹೇಗೆ ಮುಚ್ತಾರೋ ನೋಡ್ತೀನಿ."

ಮಾವ ಬೋಳು ಕಿಟಕಿಯನ್ನು ನೋಡಿದರು, ಅವನನ್ನು ನೋಡಿದರು. ಆ ವಾರದ ಉಳಿಗಳಲ್ಲಿ ಏಳು ಮುರಿದವು. ಮೇಸ್ತ್ರಿ ಈ ಸಲ ಕರವಸ್ತ್ರ ಬಿಚ್ಚಲಿಲ್ಲ, ಕಟ್ಟನ್ನೇ ಎಸೆದ. ಒಂದೇ ಒಂದು ಸಲ ನೋಡುತ್ತೇನೆ, ಆಮೇಲೆ ಒಲೆಯಾದರೂ ಹೋಗಲಿ ನಾವಾದರೂ ಹೋಗುತ್ತೇವೆ ಎಂದ. ಅಳಿಯ ಲೆಕ್ಕ ಹಾಕಿದ. ಒಲೆ ಹೋದರೆ ಇದ್ದಿಲು ಬರುತ್ತದೆ, ಇದ್ದಿಲು ಬಂದರೆ ಮಾವನ ಎದೆ ಉಳಿಯುವುದಿಲ್ಲ. ಆ ಮನುಷ್ಯನನ್ನು ಉಳಿಸಲು ತಾನು ಮೀಸೆ ಸುಟ್ಟುಕೊಂಡರೆ, ಆ ಮನುಷ್ಯನೇ ಬೇಕಂತಲೇ ಉಳಿ ಕೆಡಿಸುತ್ತಿದ್ದಾರಲ್ಲ ಎಂದು ಅವನಿಗೆ ಅಳು ಬಂದ ಹಾಗಾಯಿತು. ಕಣ್ಣಾರೆ ಕಂಡು ಹಿಡಿಯದೆ ಬಿಡುವುದಿಲ್ಲ ಎಂದುಕೊಂಡ.

ಮರುದಿನ ಮಧ್ಯಾಹ್ನ ಊಟಕ್ಕೆ ಹೊರಟವನ ಹಾಗೆ ಸೈಕಲ್ ಏರಿ, ಬೀದಿ ತಿರುವಿನಲ್ಲಿ ಇಳಿದು, ಹಿಂದಿನ ಸಂದಿಯಿಂದ ಸದ್ದಿಲ್ಲದೆ ಬಂದ. ಒಳಗೆ ಒಲೆ ಮೊರೆಯುತ್ತಿತ್ತು. ಬೋಳು ಕಿಟಕಿಯಲ್ಲಿ ತಲೆ ಹಾಕಿದರೆ ಏನೂ ಕಾಣುವುದಿಲ್ಲ, ಕಣ್ಣಿಗೆ ಅಡ್ಡಲಾಗಿ ದುಂಡಗೆ ಕಪ್ಪಗೆ ಏನೋ ಅರಳಿ ನಿಂತಿದೆ. ಅದು ಕೊಡೆ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಹೊರಗೆ ಚುರುಗುಟ್ಟುವ ಬಿಸಿಲು, ಒಳಗೆ ಹೆಂಚಿನ ಮಾಡು, ಅದರಡಿಯಲ್ಲಿ ಕೊಡೆ! ಮಾವನಿಗೆ ತಲೆ ಕೆಟ್ಟಿತೋ ಎಂದು ಓಡಿ ಬಂದು ಬಾಗಿಲು ತಳ್ಳಿದ.

ಮಾವ ಸ್ಟೂಲಿನ ಮೇಲೆ ಕೂತಿದ್ದರು. ಬಿಡಿಸಿದ ಕೊಡೆಯ ಹಿಡಿಯನ್ನು ಕುತ್ತಿಗೆ ಮತ್ತು ಭುಜದ ನಡುವೆ ಅವುಚಿಕೊಂಡು, ಕಿಟಕಿಯ ಬೆಳಕನ್ನು ಬೆನ್ನಿನಿಂದಲೂ ಕೊಡೆಯಿಂದಲೂ ತಡೆದು, ಎರಡು ಕೈಯಲ್ಲಿ ಇಕ್ಕಳ ಹಿಡಿದು ಉಳಿಯ ಮೊನೆಯನ್ನು ಉರಿಯಲ್ಲಿ ನೋಡುತ್ತಿದ್ದರು. ಕೊಡೆಯ ಒಂದು ಅಂಚು ಸುಟ್ಟು ಮುದುರಿತ್ತು.

"ಮಾವ, ಏನಿದು?"

"ಬಾಗಿಲು ಹಾಕಿ, ಬಾಗಿಲು ಹಾಕಿ! ಬಣ್ಣ ಹೋಗುತ್ತೆ!"

ಅವನು ತನಗೇ ತಿಳಿಯದೆ ಬಾಗಿಲು ಹಾಕಿದ. ಮಾವ ಉಳಿಯನ್ನು ಹೊರಗೆ ಎಳೆದು ಕೊಡೆಯ ನೆರಳಲ್ಲಿ ಹಿಡಿದರು. ಮೊನೆ ಕೆಂಪಗಿತ್ತು. ಅದನ್ನೇ ಕಿಟಕಿಯ ಬೆಳಕಿಗೆ ಸರಿಸಿದರು. ಕೆಂಪು ಮಾಯ, ಬರೀ ಬೂದು ಕಬ್ಬಿಣ. ಮತ್ತೆ ನೆರಳಿಗೆ ತಂದರು, ಮತ್ತೆ ಕೆಂಪು.

"ಬೆಳಕಲ್ಲಿ ಬಣ್ಣ ಕಾಣಲ್ಲ. ಇನ್ನೂ ಕಾದಿಲ್ಲ, ಇನ್ನೂ ಕಾದಿಲ್ಲ ಅಂತ ಸುಡ್ತಾ ಹೋಗ್ತೀನಿ. ಅತಿಯಾಗಿ ಸುಟ್ಟದ್ದು ಮುರಿಯುತ್ತೆ." ಅವರು ಮೊನೆಯನ್ನು ನೀರಿಗೆ ಅದ್ದಿದರು, ಅದು ಬುಸ್ಸೆಂದಿತು. "ಕಮ್ಮಾರ ಕತ್ತಲೆಯಲ್ಲಿ ಯಾಕೆ ಕೂತಿರ್ತಾನೆ ಅಂದ್ಕೊಂಡ್ರಿ, ಶೋಕಿಗಾ?"

"ಹಂಗಂತ ಒಂದು ಮಾತು ಹೇಳ್ಬಾರ್ದಿತ್ತಾ?"

"ಇದನ್ನೂ ಹೇಳ್ಬೇಕಾ? ಎಲ್ಲರಿಗೂ ಗೊತ್ತಿರೋದು. ಗೊತ್ತಿದ್ದೇ ಕಿಟಕಿ ತೆಗೀತಿದ್ದೀರಿ ಅಂದ್ಕೊಂಡೆ. ನನ್ನ ಕೆಲಸ ಕೆಡ್ಲಿ, ಮುದುಕ ಮನೇಲಿ ಕೂರ್ಲಿ ಅಂತ." ಮಾವ ಕೊಡೆ ಮಡಚಿದರು. "ಮಂಚದ ಮೇಲಿಂದ ಎಲ್ಲಾ ಕೇಳಿಸುತ್ತೆ, ಅಳಿಯಂದ್ರೇ."

ಅಳಿಯನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಅಯ್ಯೋ ಮಾವ, ಕಿಟಕಿ ತೆಗೆದದ್ದು ಗಾಳಿಗೆ. ಇದ್ದಿಲ ಹೊಗೆ ಅರ್ಧ ಹೊಗೆಗೂಡಲ್ಲಿ ಹೋಗ್ತಿತ್ತು, ಈ ಉರಿಯ ಹೊಗೆ ಇಲ್ಲೇ ಉಳಿಯುತ್ತೆ, ಕಣ್ಣಿಗೂ ಕಾಣಲ್ಲ, ಮೂಗಿಗೂ ಗೊತ್ತಾಗಲ್ಲ. ಮುಚ್ಚಿದ ಕೋಣೆಯಲ್ಲಿ ಕೂತ್ರೆ ತಲೆ ನೋವು ಬರುತ್ತೆ, ಮಂಪರು ಬರುತ್ತೆ, ಮಲಗಿದವರು ಏಳಲ್ಲ. ಎಲ್ಲರಿಗೂ ಗೊತ್ತಿರೋದು ಅಂತ..."

ಮಾವ ಅವನನ್ನೇ ನೋಡುತ್ತಿದ್ದರು. ಹಣೆ ಗಂಟು ಹಾಕಿಕೊಂಡು ಗೋಡೆ ಕಡೆ ತಿರುಗಿ ಮಲಗಿದ ಆ ಬೆನ್ನು ಅವನಿಗೆ ನೆನಪಾಯಿತು.

"ಮಾವ, ಕಿಟಕಿ ಮುಚ್ಚಿದ ವಾರ... ನಿಮಗೆ ಏನಾದ್ರೂ ಆಗಿತ್ತಾ?"

ಮಾವ ತಲೆ ತಗ್ಗಿಸಿದರು. ಕಳ್ಳತನ ಒಪ್ಪಿಕೊಳ್ಳುವವರ ಹಾಗೆ, ದನಿ ಇಳಿಸಿ ಹೇಳಿದರು.

"ತಲೆ ಸಿಡೀತಿತ್ತು. ಮಗಳಿಗೂ ಹೇಳ್ಲಿಲ್ಲ. ಒಂದು ದಿನ ಇಲ್ಲೇ ಕೂತಂಗೇ ಕಣ್ಣು ಕತ್ತಲೆ ಬಂತು, ಇಕ್ಕಳ ಕೈಯಿಂದ ಬಿತ್ತು. ಕಾಲಿನ ಮೇಲೆ ಬಿತ್ತಲ್ಲ, ಅದರ ಬಿಸಿಗೆ ಎಚ್ಚರ ಆಯ್ತು. ಹಂಗೇ ತೆವಳ್ಕೊಂಡು ಬಾಗಿಲ ಹತ್ರ ಬಂದು ಕೂತೆ. ವಯಸ್ಸಾಯ್ತು, ಮುಗೀತು ಅಂದ್ಕೊಂಡೆ. ನಿಮಗೆ ಗೊತ್ತಾದ್ರೆ ಮನೇಲಿ ಕೂರಿಸ್ತೀರಿ ಅಂತ ಬಾಯಿ ಬಿಡ್ಲಿಲ್ಲ."

ಅವರು ಪ್ಯಾಂಟಿನ ಅಂಚು ಎತ್ತಿ ತೋರಿಸಿದರು. ಪಾದದ ಮೇಲೆ ಇಕ್ಕಳದ ಬಾಯಿಯಷ್ಟಗಲ ಗಾಯ ಒಣಗುತ್ತಿತ್ತು. ಅಳಿಯ ಕೈ ಚಾಚಿ ಮೊದಲು ಗ್ಯಾಸಿನ ತಿರುಪು ಮುಚ್ಚಿದ. ಮೊರೆತ ನಿಂತಿತು. ಆಮೇಲೆ ಮಾವನ ಕಾಲ ಬಳಿ ನೆಲದ ಮೇಲೆ ಕೂತ. ತಾನು ಕೂದಲೆಳೆ ಸರಿಸಿ ಹಿಗ್ಗುತ್ತಿದ್ದಾಗ, ಚಿಲಕಕ್ಕೆ ಸುಣ್ಣ ಸವರಿ ಕಳ್ಳನನ್ನು ಹಿಡಿಯುತ್ತಿದ್ದಾಗ, ಎರಡು ಬೀದಿ ಆಚೆ ಬಿಸಿ ಬಿಸಿ ಉಣ್ಣುತ್ತಿದ್ದಾಗ, ಈ ಮನುಷ್ಯ ಇಲ್ಲಿ ಒಬ್ಬರೇ ಸಾಯುತ್ತಿದ್ದರು. ಅದೂ ಅವನು ಮಾಡಿಟ್ಟ ಒಲೆಯ ಮುಂದೆ.

"ಅದು ವಯಸ್ಸಲ್ಲ ಮಾವ" ಅಂದ. "ಅದು ಗ್ಯಾಸು. ನಾನು ಹೇಳ್ಬೇಕಿತ್ತು."

ಮಾವ ಇಕ್ಕಳ ಕೆಳಗಿಟ್ಟರು. "ಏನಂದ್ರಿ?"

"ವಯಸ್ಸಲ್ಲ. ಇಲ್ಲಿ ಕಿಟಕಿ ಮುಚ್ಕೊಂಡು ಹತ್ತು ನಿಮಿಷ ಕೂತಿದ್ರೆ ನನಗೂ ಹಂಗೇ ಆಗ್ತಿತ್ತು. ನೀವು ಸತ್ತೇ ಹೋಗ್ತಿದ್ರಿ, ಮಾವ."

ಸತ್ತೇ ಹೋಗುತ್ತಿದ್ದಿರಿ ಎಂಬ ಮಾತು ಮಾವನ ಕಿವಿಗೆ ಬಿದ್ದ ಹಾಗೇ ಕಾಣಲಿಲ್ಲ. ಅವರ ಮುಖ ನಿಧಾನಕ್ಕೆ ಬಿಡಿಸಿಕೊಂಡಿತು. ಹದಿನೈದು ದಿನದಿಂದ ಕಟ್ಟಿದ್ದ ಹಣೆಯ ಗಂಟು ಎತ್ತಲೋ ಹೋಯಿತು.

"ವಯಸ್ಸಲ್ವಾ?" ಅಂದರು.

"ಅಲ್ಲ ಮಾವ."

"ನಿಜವಾಗ್ಲೂ ವಯಸ್ಸಲ್ವಾ?"

ಅಳಿಯನ ಕಣ್ಣು ತುಂಬಿ ಬಂತು, ಅವನು ಬರೀ ತಲೆ ಅಲ್ಲಾಡಿಸಿದ. ಮಾವ ಎದ್ದು ಕೊಡೆಯನ್ನು ಮತ್ತೆ ಬಿಡಿಸಿ ಅವನ ಕೈಗೆ ಕೊಟ್ಟರು. ಬಾಗಿಲನ್ನು ಅವರೇ ಹೋಗಿ ಅಗಲಕ್ಕೆ ತೆರೆದು ಬಂದರು.

"ಹಿಂಗೆ ಹಿಡ್ಕೊಂಡು ನಿಂತ್ಕೋ" ಅಂದರು. "ಇನ್ನೂ ಆರು ಉಳಿ ಇದೆ."